ಕಪ್ಪೆಗೆ ಹೊಡೆದ ಆರು ಸೀಲು

ಇದು ನಡೆದ ಕಥೆ. ನಡೆದದ್ದು ಅನ್ನುವುದಕ್ಕಿಂತ ತೇಲಿದ್ದು ಅನ್ನಬೇಕು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ತೇಲಿಯೂ ತೇಲದೆ ಹೋದದ್ದು. ಇದರಲ್ಲಿ ಸುಳ್ಳು ಇರುವುದು ಒಬ್ಬನ ಬಾಯಲ್ಲಿ ಮಾತ್ರ, ಅವನು ಆಮೇಲೆ ಬರುತ್ತಾನೆ.

ಮೇಸ್ತ್ರಿ ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದವನು. ಅವನ ಮನೆ ಪಕ್ಕದ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಒಂದು ಗಾಡಿ ಕೂತಿತ್ತು. ಆರು ಚಕ್ರ, ಸ್ನಾನದ ತೊಟ್ಟಿಯಂಥ ಪ್ಲಾಸ್ಟಿಕ್ ಮೈ, ಬಾಗಿಲಿಲ್ಲ, ಸ್ಟೀರಿಂಗಿನ ಬದಲು ಎರಡು ಹಿಡಿಕೆ. ನೆಲದ ಮೇಲೂ ಓಡುತ್ತದೆ, ನೀರಿನ ಮೇಲೂ ಓಡುತ್ತದೆ. ಅದಕ್ಕೆ ಕಪ್ಪೆ ಎಂದು ಹೆಸರಿಟ್ಟವನು ಮೇಸ್ತ್ರಿಯ ಅಪ್ಪ. ಕಾಲುವೆ ಸರ್ವೆ ಮಾಡುವವರನ್ನು ಅದರಲ್ಲಿ ಕೂರಿಸಿಕೊಂಡು ಕೆರೆಯಿಂದ ಕೆರೆಗೆ ತಿರುಗುತ್ತಿದ್ದ ಡ್ರೈವರ್ ಆತ. ಗಾಡಿ ಮೂಲೆಗೆ ಬಿದ್ದಾಗ ನೀರಾವರಿ ಇಲಾಖೆಯವರು ಅವನ ಕೈಗೇ ಕೊಟ್ಟು ಕೈತೊಳೆದುಕೊಂಡರು. ಅಪ್ಪ ಹೋದ ಮೇಲೆ ಅದು ಮಗನ ಪಾಲಿಗೆ ಬಂತು. "ಮುಂದಿನ ವಾರ ಕೈ ಹಚ್ತೀನಿ" ಎಂದ ಮಗ. ಆ ಮುಂದಿನ ವಾರಕ್ಕೆ ಈಗ ಹನ್ನೊಂದು ವರ್ಷ ತುಂಬಿತ್ತು.

ಇತ್ತ ಹೆಂಡತಿಯ ಎರಡು ಹೊಲಿಗೆ ಮಿಷನ್ನುಗಳು ಮಲಗುವ ಕೋಣೆಯಲ್ಲಿದ್ದವು. ಕಾಲು ಚಾಚಿದರೆ ಪೆಡಲ್ಲು, ಮಗ್ಗುಲು ಬದಲಿಸಿದರೆ ಮುಖಕ್ಕೆ ಯಾರದೋ ಅರ್ಧ ಹೊಲಿದ ತೋಳು.

"ರೀ, ನನಗೆ ಶೆಡ್ಡು ಬೇಕು," ಎಂದಳು ಒಂದು ಬೆಳಿಗ್ಗೆ, ಬಾಯಲ್ಲಿ ಕಚ್ಚಿದ ಗುಂಡುಸೂಜಿ ತೆಗೆಯದೆ. "ತಿಂಗಳ ಕೊನೇ ಭಾನುವಾರ ಅದು ಕೆರೆಯ ಆಚೆ ದಡ ಮುಟ್ಟಿ ಬಂದ್ರೆ ಇರಲಿ, ನಾನು ಮಂಚದ ಮೇಲೆ ಕೂತೇ ಹೊಲೀತೀನಿ. ಇಲ್ಲಾಂದ್ರೆ ಸೋಮವಾರ ಗುಜರಿಗೆ. ತಮ್ಮನಿಗೆ ಹೇಳಿದೀನಿ, ಗುಜರಿಯವನನ್ನ ಅವನು ಹುಡುಕ್ತಾನೆ."

ತಮ್ಮ ಎಂದರೆ ಮೇಸ್ತ್ರಿಯ ಬಾಮೈದ. ಕಾಲೇಜಿನಲ್ಲಿ ಗುಮಾಸ್ತ, ಊರಿಗೆಲ್ಲ 'ಟೇಪು'. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ತುಂಬಿಕೊಂಡು ವಾಪಸು ಬಿಡುತ್ತಿದ್ದ. ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಸಾರಿ, ಹತ್ತು ನಿಮಿಷದಲ್ಲಿ ಕಾಲೇಜು ಖಾಲಿ ಮಾಡಿಸಿದ್ದ. ಖಾಲಿಯಾದವರಲ್ಲಿ ಪ್ರಿನ್ಸಿಪಾಲರೂ ಇದ್ದರು ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಟೇಪು ಒಂದು ಫೋನ್ ನಂಬರು ತಂದುಕೊಟ್ಟ. ಮೇಸ್ತ್ರಿ ಅದನ್ನು 'ಗುಜರಿ' ಎಂದು ಬರೆದುಕೊಂಡ. ಮರುದಿನವೇ ಆ ನಂಬರಿನಿಂದ ಕರೆ.

"ಯಜಮಾನ್ರೇ," ಗೊರಗೊರ ದನಿ, ಮಾತಿಗೊಂದು ಕೆಮ್ಮು. "ಆರು ಚಕ್ರದ್ದಂತೆ? ಸೋಮವಾರ ಗರಗಸ ತರ್ತೀನಿ."

"ಗರಗಸ ಯಾಕಪ್ಪಾ?"

"ಇಡಿಯಾಗಿ ಯಾರು ಹೊರ್ತಾರೆ? ತುಂಡು ಮಾಡೇ ಒಯ್ಯೋದು."

ಮೇಸ್ತ್ರಿ ಫೋನು ಜೇಬಿಗಿಳಿಸಿದ. ಅವತ್ತೇ ಕಪ್ಪೆಯ ಕೆಳಗೆ ಜಾಕು ಕೊಟ್ಟ.

ಚಕ್ರ ಬಿಚ್ಚಿ ನೋಡಿದರೆ ಒಳಗೆ ನೋಡುವಂತಿರಲಿಲ್ಲ. ಬೇರಿಂಗಿನ ಗುಂಡುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು. ಚಕ್ರದ ಬುಡದಲ್ಲಿ ನೀರು ತಡೆಯುವ ಹಳೇ ಸೀಲು ಉಜ್ಜಿ ಉಜ್ಜಿ ಆಕ್ಸಲಿನ ಮೇಲೆ ಉಗುರು ಕೂರುವಷ್ಟು ಗೆರೆ ಬಿದ್ದಿತ್ತು. ಒಂದು ಆಕ್ಸಲಂತೂ ಹೊರಗೆ ಬರಲು ಮೂರು ದಿನ ಹಿಡಿಯಿತು: ಕಾಯಿಸಿದ, ಎಣ್ಣೆ ಬಿಟ್ಟ, ಬಡಿದ, ಬೈದ, ಕೊನೆಗೆ ಕೈಮುಗಿದ. ಬೆರಳ ಗೆಣ್ಣುಗಳ ಚರ್ಮ ಶೆಡ್ಡಿನಲ್ಲೇ ಉಳಿಯಿತು. ಮೊದಲೆಲ್ಲ ಲಾರಿಯ ಚಕ್ರ ಒಬ್ಬನೇ ಎತ್ತಿಡುತ್ತಿದ್ದವನು ಈಗ ಸ್ಪ್ಯಾನರು ಹಿಡಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಟೇಪು ಚಹಾ ತರಲು ಹೋದಾಗಲೆಲ್ಲ ಆ ಕೆಮ್ಮಿನ ಫೋನು ಬರುತ್ತಿತ್ತು: "ಯಜಮಾನ್ರೇ, ಗರಗಸಕ್ಕೆ ಹೊಸ ಹಲ್ಲು ಹಾಕ್ಸಿದೀನಿ." ಮೇಸ್ತ್ರಿ ಮತ್ತೆ ಕಪ್ಪೆಯ ಕೆಳಗೆ ತೂರಿಕೊಳ್ಳುತ್ತಿದ್ದ.

ಲೇತಿನವನು ಆರು ಹೊಸ ಆಕ್ಸಲು ಕಡೆದು ಕೊಟ್ಟ. ಹೊಸ ಬೇರಿಂಗು ಕೂತವು. ಉಳಿದದ್ದು ಸೀಲು, ಚಕ್ರಕ್ಕೊಂದರಂತೆ ಆರು. ಬಳೆಯಂಥ ರಬ್ಬರು, ಅದಕ್ಕೊಂದು ತುಟಿ, ತುಟಿಯ ಸುತ್ತ ದಾರದಷ್ಟು ಸಣ್ಣ ಸ್ಪ್ರಿಂಗು. ತುಟಿ ಆಕ್ಸಲನ್ನು ಕಚ್ಚಿ ಹಿಡಿದರೆ ಮುಗಿಯಿತು.

"ಭಾವ, ಈ ತುಟಿ ಒಳಗಡೆಗಾ, ಹೊರಗಡೆಗಾ?" ಟೇಪು ಕೇಳಿದ.

"ಇದನ್ನ ನನಗೆ ಕೇಳ್ತೀಯಾ? ಕಣ್ಣು ಕಟ್ಟಿದ್ರೂ ಹೊಡೀತೀನಿ ಕಣೋ." ಮೇಸ್ತ್ರಿ ನಿಜವಾಗಿಯೂ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಲ್ಲಿ ತುಟಿ ಸವರಿ, ಆರನ್ನೂ ಟಕಟಕ ಕೂರಿಸಿದ. ಎರಡು ವಾರದಲ್ಲಿ ಅವನ ಕೈ ನಡುಗದೇ ಇದ್ದದ್ದು ಅದೊಂದೇ ಕೆಲಸಕ್ಕೆ.

ಭಾನುವಾರ ಹತ್ತು ಗಂಟೆಗೆ ಕಪ್ಪೆ ಕೆರೆಗಿಳಿಯಿತು. ಹೆಂಡತಿ ದಡದಲ್ಲಿ ಕೊಡೆ ಬಿಡಿಸಿಕೊಂಡು, ಯಾರದೋ ಅಂಗಿಗೆ ಗುಂಡಿ ಹಚ್ಚುತ್ತ ಕೂತಳು. ಚಕ್ರಗಳು ನೆಲ ಬಿಟ್ಟವು, ನೀರು ಹಿಡಿದವು. ಕಪ್ಪೆ ತೇಲಿತು. ಮೇಸ್ತ್ರಿ ಎರಡೂ ಹಿಡಿಕೆ ಹಿಡಿದು, ಅಪ್ಪನ ಹಾಗೆ ಎದೆಯುಬ್ಬಿಸಿ ಕೂತ. ಪಕ್ಕದಲ್ಲಿ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡ ಟೇಪು.

"ಬಕೆಟ್ ಯಾಕೋ ತಂದೆ, ಅಪಶಕುನ."

"ಸುಮ್ನೆ ಭಾವ. ಅಲ್ಲೇ ಇತ್ತು."

ನಡುಕೆರೆಗೆ ಬರುವಷ್ಟರಲ್ಲಿ ಮೇಸ್ತ್ರಿಯ ಕಾಲಿಗೆ ತಂಪಾಯಿತು. ಬಗ್ಗಿ ನೋಡಿದ. ಆರೂ ಆಕ್ಸಲಿನ ಬುಡದಿಂದ ನೀರು ಸದ್ದಿಲ್ಲದೆ, ಸಾಲಾಗಿ, ಕರೆದ ನೆಂಟರ ಹಾಗೆ ಒಳಗೆ ಬರುತ್ತಿತ್ತು. ಟೇಪು ಮೊಗೆದು ಚೆಲ್ಲಿದ. ಒಂದು ಬಕೆಟ್ಟು ಹೊರಗೆ ಹೋದರೆ ಎರಡು ಒಳಗೆ ಬಂತು. ಇಂಜಿನ್ನು ಎರಡು ಸಲ ಬಿಕ್ಕಿ ಸುಮ್ಮನಾಯಿತು.

ಮುಳುಗಿದ್ದರೆ ಈಜಿಯಾದರೂ ಹೋಗಬಹುದಿತ್ತು. ಆರು ದಪ್ಪ ಟೈರುಗಳು ಗಾಳಿ ತುಂಬಿಕೊಂಡು ಕಪ್ಪೆಯನ್ನು ಮುಳುಗಲೂ ಬಿಡಲಿಲ್ಲ. ಅದು ಅಂಚಿನವರೆಗೆ ತುಂಬಿ, ಇದ್ದಲ್ಲೇ ನಿಂತಿತು. ಅದರೊಳಗೆ ಭಾವ, ಬಾಮೈದ ಸೊಂಟದವರೆಗಿನ ನೀರಲ್ಲಿ ಮರ್ಯಾದೆಯಿಂದ ಕೂತಿದ್ದರು.

ಮೇಸ್ತ್ರಿ ನೀರೊಳಗೆ ಕೈ ಇಳಿಬಿಟ್ಟು ಆಕ್ಸಲಿನ ಬುಡ ಮುಟ್ಟಿದ. ಹೆಬ್ಬೆರಳಿಗೆ ಎಲ್ಲ ನೆನಪಾಯಿತು. ಲಾರಿಯಲ್ಲಿ ಎಣ್ಣೆ ಒಳಗಿರುತ್ತದೆ, ಅದು ಹೊರಗೆ ಹೋಗಬಾರದು. ಹಾಗಾಗಿ ಸೀಲಿನ ತುಟಿ ಒಳಮುಖ. ಮೂವತ್ತು ವರ್ಷ ಒಳಗಿದ್ದದ್ದನ್ನು ಹೊರಗೆ ಬಿಡದೆ ಕಾದ ಕೈ ಅದು. ಹೊರಗಿದ್ದದ್ದನ್ನು ಒಳಗೆ ಬಿಡಬಾರದ ಗಾಡಿ ಅದಕ್ಕೆ ಸಿಕ್ಕಿದ್ದು ಇದೊಂದೇ.

"ಆರೂ ತಿರುಗಮುರುಗ," ಎಂದ.

ದಡದಿಂದ ಕೂಗು: "ಯಾಕ್ರೀ ನಿಂತ್ರಿ?"

ಅಪ್ಪ ಹಿಡಿದು ಸವೆಸಿದ ಹಿಡಿಕೆಯನ್ನು ಮೇಸ್ತ್ರಿ ಒಮ್ಮೆ ಸವರಿದ. ಮಾತು ಅಂದರೆ ಮಾತು. ನಾಳೆ ಗುಜರಿಯವನು ಬಂದು ಕೊಯ್ಯುವುದನ್ನು ನಿಂತು ನೋಡುವ ಶಕ್ತಿ ಅವನಿಗಿರಲಿಲ್ಲ. ಇವತ್ತೇ ಕೆರೆಗೆ ಬಾ, ನಾನು ಮನೆಗೆ ಹೋದ ಮೇಲೆ ಇಲ್ಲಿಂದಲೇ ಒಯ್ದುಬಿಡು ಅನ್ನಬೇಕು. ಅಂಗಿಯ ಜೇಬಿನಿಂದ ಫೋನು ತೆಗೆದು, 'ಗುಜರಿ' ಒತ್ತಿ, ಕಿವಿಗಿಟ್ಟ.

ಟೇಪುವಿನ ಅಂಗಿಯ ಜೇಬು ಟ್ರಿಣ್ ಟ್ರಿಣ್ ಅಂದಿತು.

ಮೇಸ್ತ್ರಿ ಕರೆ ಕತ್ತರಿಸಿದ. ಜೇಬು ಸುಮ್ಮನಾಯಿತು. ಮತ್ತೆ ಒತ್ತಿದ. ಜೇಬು ಮತ್ತೆ ಅಂದಿತು.

"ಎತ್ತೋ," ಎಂದ ಮೇಸ್ತ್ರಿ.

ಟೇಪುವಿಗೆ ಓಡಲು ಜಾಗವಿರಲಿಲ್ಲ. ಫೋನು ಎತ್ತಿ ಕಿವಿಗಿಟ್ಟುಕೊಂಡು, ಕೆಮ್ಮಿದ. "ಯಜಮಾನ್ರೇ..." ದನಿ ಎರಡೂ ಕಡೆಯಿಂದ ಬಂತು.

ಮೇಸ್ತ್ರಿ ಫೋನು ಇಳಿಸಿ ಅವನತ್ತ ತಿರುಗಿದ.

"ನಿಜವಾದ ಗುಜರಿಯವನನ್ನ ತಂದಿದ್ರೆ ನೀವು ಅವತ್ತೇ ಕೊಟ್ಟುಬಿಡ್ತಿದ್ರಿ ಭಾವ," ಟೇಪು ಈಗ ತನ್ನದೇ ದನಿಯಲ್ಲಿ, ಬಹಳ ಸಣ್ಣದಾಗಿ ಹೇಳಿದ. "ಹೆದರಿಸಿದ್ರೆ ಕೈ ಹಚ್ತೀರಿ ಅಂತ..."

"ಹಾಗಾದ್ರೆ ನಾಳೆ ಗರಗಸ ತಗೊಂಡು ಯಾರೂ ಬರೋದಿಲ್ಲ?"

"ಬರಬೇಕಾದವನು ಇಲ್ಲೇ ನೀರಲ್ಲಿ ಕೂತಿದಾನಲ್ಲ."

ಮೇಸ್ತ್ರಿಯ ಭುಜ ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡು ಟೇಪು ಅವನ ತೋಳು ಹಿಡಿದ. ಆಮೇಲೆ ಸದ್ದು ಹೊರಬಂತು. ಟೇಪು ಮೆಲ್ಲಗೆ ನಕ್ಕ. ದಡದಲ್ಲಿ, ಏನೆಂದು ತಿಳಿಯದಿದ್ದರೂ, ಹೆಂಡತಿ ಸೂಜಿ ಬದಿಗಿಟ್ಟು ನಕ್ಕಳು. ಮೇಸ್ತ್ರಿಯ ನಗುವಿನ ಮುಂದೆ ಅವರಿಬ್ಬರದು ಕೇಳಿಸಲೇ ಇಲ್ಲ. ಅವನು ಹಿಡಿಕೆ ಗುದ್ದುತ್ತ, ಕೆಮ್ಮುತ್ತ, "ಗರಗಸಕ್ಕೆ ಹೊಸ ಹಲ್ಲಂತೆ, ಹೊಸ ಹಲ್ಲು" ಎನ್ನುತ್ತ ನಕ್ಕ; ಕಪ್ಪೆ ಅಲುಗಾಡಿ ಅಂಚಿನ ಮೇಲಿಂದಲೂ ನೀರು ಒಳಗೆ ಬಂತು, ಅವನು ಇನ್ನೂ ಜೋರಾಗಿ ನಕ್ಕ.