ದಪ್ಪ ಬಾಲದ ಮಂಗಗಳು

ಸಂಕ್ರಾಂತಿ ಕಳೆದು ವಾರವಾಗಿತ್ತು, ಚಳಿ ಬಿಟ್ಟಿರಲಿಲ್ಲ. ಬೆಳಗಿನ ಹತ್ತರ ಬಿಸಿಲು ಆಗಷ್ಟೆ ಬಿಸ್ಮಿಲ್ಲಾ ಬಿಯ ಜಗಲಿ ಹತ್ತಿತ್ತು. ಶಿರಸಿ ಬಸ್ ಸ್ಟ್ಯಾಂಡಿನ ಹತ್ತಿರ ಮಕ್ಕಳ ಸಾಮಾನು ಮಾರುವ ಕಿಶೋರ ಅಲ್ಲಿ ನಿಂತು ಬಟ್ಟೆಯ ಮಂಗವೊಂದನ್ನು ಬಾಲ ಹಿಡಿದು ತೂಗಾಡಿಸುತ್ತಿದ್ದ.

"ಅಮ್ಮಾ, ಇಷ್ಟು ದಪ್ಪ! ಇದು ಬಾಲವಾ, ಸಾಂಬಾರಿನ ಮಗೆಕಾಯಿಯಾ?"

ಬಿಸ್ಮಿಲ್ಲಾ ಬಿ ಮಿಷನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಮಕ್ಕಳಿಗೆ ಹಿಡಿಯಲಿಕ್ಕೆ ಸುಲಭ ಆಗ್ತದೆ."

"ಮಕ್ಕಳು ನಗ್ತಿದ್ದಾರೆ. ಮೊದಲಿನ ಹಾಗೆ ಸಪೂರ ಬೇಕು. ತಿರುವೋದು ಕಷ್ಟ ಅಂದ್ರೆ ಸೋಮವಾರ ನಮ್ಮ ಅಂಗಡಿ ಸೌಮ್ಯಾನ್ನ ಕಳಿಸ್ತೆ. ಅವಳ ಹತ್ರ ಪೈಪು, ಕಡ್ಡಿ ಎಲ್ಲ ಉಂಟು."

ಜಗಲಿಯ ಇನ್ನೊಂದು ತುದಿಯಲ್ಲಿ ಹತ್ತಿ ಬಿಡಿಸುತ್ತಿದ್ದ ಹಿಂದಿನ ಓಣಿಯ ದುರ್ಗಿ ತಲೆ ಎತ್ತಿದಳು. ಗೊಂಬೆಯ ಬಾಲ, ಕಾಲು, ಸೊಂಡಿಲು ತಿರುವುವವಳು ಅವಳೇ. ಒಳಮೈ ಮೇಲೆ ಮಾಡಿ ಹೊಲಿದ ಕಿರುಬೆರಳಿನ ಗಾತ್ರದ ಕೊಳವೆಯೊಳಗೆ ಛತ್ರಿಕಡ್ಡಿ ತೂರಿಸಿ, ಬಟ್ಟೆಯನ್ನು ಚೂರು ಚೂರೇ ಚಿವುಟಿ ಎಳೆದು, ಬಣ್ಣದ ಮೈಯನ್ನು ಹೊರಗೆ ತರಬೇಕು. ಬಿಸ್ಮಿಲ್ಲಾ ಬಿಯ ಗಂಡ, ದರ್ಜಿ ಹಯಾತ್ ಸಾಹೇಬರು ತೀರಿಕೊಂಡ ವರ್ಷ ಮನೆಯಲ್ಲಿ ಉಳಿದ ಚೂರುಬಟ್ಟೆಯಿಂದ ಶುರುವಾದ ಕೆಲಸ. ಅಂದಿನಿಂದ ಬಿಸ್ಮಿಲ್ಲಾ ಬಿ ಹೊಲಿಯುವುದು, ದುರ್ಗಿ ತಿರುವುವುದು.

ಕಿಶೋರನ ಬೈಕು ತಿರುವು ದಾಟಿದ ಮೇಲೆ ದುರ್ಗಿ ಎದ್ದು ಬಂದು ಮಿಷನ್ನಿನ ಖಾನೆ ಎಳೆದಳು. ಬಾಲದ ಹಳೆಯ ರಟ್ಟಿನ ಅಚ್ಚು ಅಡಿಯಲ್ಲಿತ್ತು, ಹೊಸದು ಮೇಲಿತ್ತು. ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದಳು. ಹೊಸದು ಎರಡೂ ಕಡೆ ಹೊರಗೆ ಚಾಚಿಕೊಂಡಿತ್ತು.

"ಯಾವಾಗ ಕತ್ತರಿಸಿದ್ದು?"

ಬಿಸ್ಮಿಲ್ಲಾ ಬಿ ಸೂಜಿಗೆ ದಾರ ಹಾಕುವ ನೆಪದಲ್ಲಿ ಬಗ್ಗಿದಳು. "ದೀಪಾವಳಿ ಆದ ಮೇಲೆ."

"ನನ್ನ ಬೆರಳು ಸೆಟೆದುಕೊಂಡಿದ್ದು ಕಂಡು."

"ಕಂಡ್ರೆ ಏನಾಯ್ತು? ನಾಲ್ಕು ಬಾಲ ಹೊಲಿಗೆ ಬಿಚ್ಚಿಹೋದ್ವು. ನೀನು ಅದನ್ನ ಸೆರಗಲ್ಲಿ ಕಟ್ಟಿ ಮನೆಗೆ ತಗಂಡು ಹೋದೆ. ನಾನೇನು ಕುರುಡಿಯಾ?"

"ಬಾಯಿ ಬಿಟ್ಟು ಹೇಳಲಿಕ್ಕೆ ಎಂತ ಆಗಿತ್ತು ನಿಂಗೆ?"

"ಹೇಳಿದ್ರೆ ನೀನು ಬರ್ತಿರಲಿಲ್ಲ."

"ಈಗೂ ಬರೂದಿಲ್ಲೆ ತಗ." ದುರ್ಗಿ ಮಡಿಲಿನ ಹತ್ತಿ ಕೊಡವಿ ಹೊರಟಳು. ಅವಳ ಪಾಲಿನ ಚಹ ಲೋಟದಲ್ಲೇ ಕೆನೆಗಟ್ಟಿತು.

ಮರುದಿನ ಜಗಲಿಯಲ್ಲಿ ದುರ್ಗಿಯ ಮೂಲೆ ಖಾಲಿ. ಅದರ ಮರುದಿನವೂ. ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ; ತಪ್ಪು ಹೊಲಿದರೆ ಬೈಯುವವರೂ ಇಲ್ಲ. ಸೋಮವಾರ ಆ ಮೂಲೆಯಲ್ಲಿ ಬೇರೆಯವಳು ಬಂದು ಕೂತಳೆಂದರೆ ದುರ್ಗಿ ಇನ್ನು ಈ ಮೆಟ್ಟಿಲು ಹತ್ತುವವಳಲ್ಲ ಎಂದು ಬಿಸ್ಮಿಲ್ಲಾ ಬಿಗೆ ಚೆನ್ನಾಗಿ ಗೊತ್ತಿತ್ತು. ಶನಿವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಹೊಲಿದಿಟ್ಟ ಕಾಲು-ಬಾಲಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹಿಂದಿನ ಓಣಿಗೆ ನಡೆದಳು.

ದುರ್ಗಿ ಕೊಟ್ಟಿಗೆಯ ಮುಂದೆ ಕಾಲು ಚಾಚಿ ಕೂತು ಕರುವಿಗೆ ಹಗ್ಗ ಹೆಣೆಯುತ್ತಿದ್ದಳು. ಹರಿದ ಸೀರೆಯ ಮೂರು ಪಟ್ಟಿ, ಅದರ ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿತ್ತು. ಎಳೆದಾಗೊಮ್ಮೆ ಬೆರಳು ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು.

"ಹಗ್ಗ ಹೆಣೀಲಿಕ್ಕೆ ಕೈ ಬರ್ತದೆ," ಎಂದಳು ಬಿಸ್ಮಿಲ್ಲಾ ಬಿ, ನಿಂತುಕೊಂಡೇ.

"ಮುಷ್ಟಿ ಹಿಡಿಲಿಕ್ಕೆ ನೋವಿಲ್ಲೆ. ಚಿವುಟೂದು ಆಗ್ತಿಲ್ಲೆ." ಅಂದವಳು ಮಣೆಯನ್ನು ಕಾಲಲ್ಲೇ ಇತ್ತ ದೂಡಿದಳು. "ಕೂತ್ಕ."

ಬಿಸ್ಮಿಲ್ಲಾ ಬಿ ಕೂತು ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಒಂದು ಬಾಲ ತೆಗೆದು, ಹೊಲಿಗೆ ಬಿಚ್ಚಿ, ಒಳಗೆ ಉದ್ದಕ್ಕೆ ಒಂದು ದಪ್ಪ ದಾರ ಮಲಗಿಸಿದಳು. ದಾರವನ್ನು ಬಾಲದ ತುದಿಗೆ ಸೇರಿಸಿ ಭದ್ರ ಮಾಡಿ, ಉಳಿದ ಕಡೆ ಅದು ಸೂಜಿಗೆ ಸಿಗದ ಹಾಗೆ ಕೈಯಲ್ಲೇ ಹೊಲಿದು ಮುಗಿಸಿದಳು. ದಾರದ ಇನ್ನೊಂದು ತುದಿ ಬಾಲದ ಬಾಯಿಂದ ಹೊರಗೆ ಇಳಿಬಿದ್ದಿತ್ತು.

"ಇದನ್ನ ಕಾಲ್ಬೆರಳಿಗೆ ಕಟ್ಟು. ಬಟ್ಟೆನ ಮುಷ್ಟಿಲಿ ಹಿಡಿದು ನಿನ್ನ ಕಡೆ ಎಳಿ. ತುದಿ ತಾನಾಗೇ ಒಳಗಿಂದ ಬರ್ತದೆ."

ದುರ್ಗಿ ಕಾಲು ಹಿಂದೆಗೆದಳು. "ಮಂಗನ ಬಾಲಾನಾ? ಕಾಲಿಗಾ? ಹನುಮಪ್ಪ ಬಿಡ್ತ್ನಾ?"

"ಸರಿ, ಆನೆ ಸೊಂಡಿಲು."

"ಗಣಪತಿನ ಕಾಲಿಗೆ ಕಟ್ಟು ಹೇಳ್ತ್ಯಲ್ಲೇ ಮಾರಾಯ್ತಿ. ಕಿಟಕಿ ಸರಳಿಗೆ ಕಟ್ಟುವ."

ಬಾಲದ ದಾರವನ್ನು ಸರಳಿಗೆ ಕಟ್ಟಿದರು. ದುರ್ಗಿ ಎಳೆದಳು. ನಡುವೆ ಎಲ್ಲೋ ಸಿಕ್ಕಿಕೊಂಡಿತು. ಸರಳಿಗೇನು ಗೊತ್ತು? ಅದು ಬಿಗಿಯಾಗಿಯೇ ನಿಂತಿತು. ಫರ್ ಎಂದು ಹೊಲಿಗೆ ಹೋಯಿತು. ಬಿಸ್ಮಿಲ್ಲಾ ಬಿ ಹರಿದ ಬಾಲವನ್ನು ಸರಳಿನಿಂದ ಬಿಚ್ಚಿದಳು. ಕರು ಒಮ್ಮೆ ಕೂಗಿತು.

ಬಿಸ್ಮಿಲ್ಲಾ ಬಿ ಚೀಲದೊಳಗೆ ಕೈಯಾಡಿಸಿ ಹಳದಿ ಚುಕ್ಕೆಯ ಉದ್ದ ಕಾಲೊಂದನ್ನು ತೆಗೆದಳು. "ಜಿರಾಫೆಗೆ ನಿಮ್ಮಲ್ಲಿ ಯಾವ ದೇವರಾದ್ರೂ ಉಂಟಾ?"

ದುರ್ಗಿ ನಿಜವಾಗಿಯೂ ಯೋಚಿಸಿದಳು. "ಇಲ್ಲೆ ಕಾಣ್ತದೆ."

"ಹಾಗಾದ್ರೆ ಚಾಚು ಕಾಲು."

ಮತ್ತೆ ಬಿಚ್ಚಿ, ದಾರ ಇಟ್ಟು, ಹೊಲಿದಾಯಿತು. ಈ ಸಲ ಸಿಕ್ಕಿಕೊಂಡಾಗ ಹೆಬ್ಬೆರಳು ತಾನೇ ಮೆಲ್ಲಗೆ ಬಾಗಿ ಸಡಿಲ ಕೊಟ್ಟಿತು, ಮತ್ತೆ ಎಳೆಯಿತು. ಕೊಳವೆಯ ಬಾಯಿಂದ ಮೊದಲು ಹಳದಿ ತುದಿ, ಆಮೇಲೆ ಇಡೀ ಕಾಲು ಜಾರಿ ಹೊರಬಂತು. ದುರ್ಗಿ ಅದನ್ನು ಬೆಳಕಿಗೆ ಹಿಡಿದು ಹೊಲಿಗೆಯ ಉದ್ದಕ್ಕೂ ಕಣ್ಣಾಡಿಸಿದಳು. ಇನ್ನೊಂದಕ್ಕೆ ಕೈ ಚಾಚಿದಳು.

ಜಿರಾಫೆ ಕಾಲುಗಳು ಮುಗಿಯುವಾಗ ಅವಳೇ ಅಂದಳು, "ಮಂಗ ಎಲ್ಲ ಹನುಮಪ್ಪ ಅಲ್ಲ ಹೇಳು. ನಮ್ಮನೆ ಬಾಳೆಗೊನೆ ತಿಂದು ಹೋದವೂ ಇದ್ದೊ. ಅವೇ ಅಂದ್ಕಂಡ್ರೆ ಆತು. ಆದ್ರೆ ಆನೆ ಮಾತ್ರ ನನ್ನ ಹತ್ರ ಆಗ್ತಿಲ್ಲೆ."

"ಆನೆ ಬಿಡು. ಹಳೇ ಅಚ್ಚು ತೆಗೀಲಾ ನಾಳೆ?"

"ತೆಗಿ. ಮಗೆಕಾಯಿ ಅಚ್ಚು ಒಲೆಗೆ ಹಾಕು."

ಸೋಮವಾರ ಇಸಳೂರಿನ ತನ್ನ ಮನೆಯಿಂದ ಸ್ಕೂಟಿಯಲ್ಲಿ ಬಂದ ಸೌಮ್ಯ ಪೈಪು, ಕಡ್ಡಿ ಹಿಡಿದು ಜಗಲಿ ಹತ್ತಿದಾಗ ಆ ಮೂಲೆಯಲ್ಲಿ ದುರ್ಗಿ ಕಾಲು ಚಾಚಿ ಕೂತಿದ್ದಳು. ಮಗ್ಗುಲಲ್ಲಿ ಸಪೂರ ಬಾಲಗಳ ರಾಶಿ. ಹುಡುಗಿ ಪೈಪು, ಕಡ್ಡಿ ಕೆಳಗಿಟ್ಟಳು.

"ಅಮ್ಮಾ, ನಂಗೆಂತ ಕೆಲಸ ಇಲ್ಲಿ?"

"ಆನೆ," ಎಂದಳು ದುರ್ಗಿ. "ಸೊಂಡಿಲೆಲ್ಲ ನೀನೇ ತಿರುವು. ಅಂಗಡಿಗೇ ತಗಂಡು ಹೋಗು. ಕೈಲಿ ಮಾಡು ಮತ್ತೆ, ಕಾಲು ಗೀಲು ತಾಗಿಸಬ್ಯಾಡ."

ಸೌಮ್ಯ ಚಹ ಕುಡಿದಳು. ಬಿಸ್ಮಿಲ್ಲಾ ಬಿ ಸೊಂಡಿಲುಗಳನ್ನೆಲ್ಲ ಅವಳ ಚೀಲಕ್ಕೆ ತುಂಬಿ, ಮೇಲೊಂದು ದಪ್ಪ ಬಾಲದ ಮಂಗವನ್ನಿಟ್ಟಳು. ಹುಡುಗಿ ಅದನ್ನು ಸ್ಕೂಟಿಯ ಕನ್ನಡಿಗೆ ನೇತುಹಾಕಿಕೊಂಡಳು. ಅವಳು ಹೊರಟಾಗ ಬಿಸಿಲು ಇನ್ನೂ ಜಗಲಿಯಿಂದ ಇಳಿದಿರಲಿಲ್ಲ.

ಕಳಿಸಿಕೊಡಲು ದುರ್ಗಿಯೂ ರಸ್ತೆಯವರೆಗೆ ಬಂದಿದ್ದಳು. ಹೆಬ್ಬೆರಳಿನ ದಾರ ಬಿಚ್ಚಲು ಮರೆತಿದ್ದಳು. ಅವಳು ಜಗಲಿಗೆ ತಿರುಗಿ ಹೊರಟಾಗ ದಾರದ ತುದಿ, ಅದಕ್ಕೆ ಅಂಟಿಕೊಂಡ ಅರ್ಧ ತಿರುವಿದ ಬಾಲ ಧೂಳಿನಲ್ಲಿ ಅವಳ ಹಿಂದೆಯೇ ಬರುತ್ತಿದ್ದವು.