ಅಕ್ಕ-ತಂಗಿಯರು ಬೇಕಾಗಿದ್ದಾರೆ

ಆ ಚೀಟಿಯನ್ನು ಯಾರೋ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಗಾಜಿಗೆ ಹೊರಗಿನಿಂದ ಅಂಟಿಸಿ ಹೋಗಿದ್ದರು. ಒಳಗೆ ಕೂತವಳಿಗೆ ಅಕ್ಷರವೆಲ್ಲ ತಿರುಗುಮುರುಗು. ಊಟದ ಬಿಡುವಿನಲ್ಲಿ ಹೊರಗೆ ಬಂದು ಓದಿದಳು. ಚಹಾ ಕುಡಿದ ಮೇಲೆ ಎಲೆಯಲ್ಲಿರುವ ಫ್ಲೇವನಾಯ್ಡ್ ಎಂಬ ಅಂಶ ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಆಸ್ಪತ್ರೆಯಲ್ಲಿ ಅಳೆಯುತ್ತಾರಂತೆ. ಒಡಹುಟ್ಟಿದವರಲ್ಲಿ ಅದು ಒಂದೇ ಥರ ಇರುತ್ತದೆಯೇ ಎಂದು ನೋಡಲು ಅಕ್ಕ-ತಂಗಿಯರು ಬೇಕಂತೆ. ಒಮ್ಮೆ ಚಹಾ, ಇನ್ನೊಮ್ಮೆ ಬರೀ ಬಿಸಿನೀರು. ಎರಡು ಸಲ ಬರಬೇಕು.

ಅವಳಿಗೊಬ್ಬ ಅಕ್ಕ ಇದ್ದಳು. ಅಮ್ಮ ಹೋದಮೇಲೆ ಹೊಲಿಗೆ ಮೆಷಿನ್ ತುಳಿದು ಇವಳನ್ನು ಸಾಕಿದವಳು, ತಾನು ಮದುವೆಯಾಗದೆ ಇವಳ ಮದುವೆ ಮಾಡಿದವಳು. ಆಮೇಲೆ ಇವಳು ಊರಿನ ಆ ತುದಿಗೆ ಹೋದಳು. ಜಗಳ ಅಂತ ಏನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಬಂದುಹೋಗುವುದು ನಿಂತಿತು, ಫೋನೂ ಕಡಿಮೆಯಾಯಿತು. "ಯಾವಾಗ ಬರ್ತೀಯ?" ಎಂದರೆ "ಕೈತುಂಬ ಕೆಲಸ ಕಣೇ" ಎನ್ನುತ್ತಿದ್ದಳು ಅಕ್ಕ. ಆದರೂ ಬಸ್ಸಿಳಿಯುವವರಲ್ಲಿ ಅಕ್ಕನ ನಡಿಗೆ ಕಂಡರೆ ಇವಳ ಕೈ ಟಿಕೆಟ್ ಹರಿಯುವುದನ್ನೇ ಮರೆಯುತ್ತಿತ್ತು. ಹತ್ತಿರ ಬಂದರೆ ಬೇರೆ ಯಾರೋ.

"ಚಹಾ ಕುಡಿಯೋಕೆ ಕರೀತಿದೀಯ? ಅದೂ ಆಸ್ಪತ್ರೆಗೆ?" ಅಕ್ಕ ಫೋನಿನಲ್ಲಿ ನಕ್ಕಳು.

"ನೀನು ಬರದಿದ್ರೆ ನನ್ನನ್ನೂ ತಗೊಳಲ್ಲ."

"ನಿನಗೆ ಉಪಕಾರ ಆಗೋದಾದ್ರೆ ಬರ್ತೀನಿ."

ಆಸ್ಪತ್ರೆಗೆ ಹೋಗುವ ಮುಂಚೆ ಎರಡು ದಿನ ಚಹಾ, ಹಣ್ಣು, ಈರುಳ್ಳಿ ಮುಟ್ಟುವಂತಿರಲಿಲ್ಲ. ಅಕ್ಕ ಮುಖ ಗಂಟು ಹಾಕಿಕೊಂಡೇ ಬಂದಳು. ನರ್ಸ್ ಇಬ್ಬರ ತೋಳಿಗೂ ಸಣ್ಣ ನಳಿಕೆ ಕೂರಿಸಿ, ಮೊದಲ ರಕ್ತ ತೆಗೆದು, ಹಾಲು-ಸಕ್ಕರೆ ಇಲ್ಲದ ಕಡು ಚಹಾ ಕೊಟ್ಟಳು. ಆಮೇಲೆ ಗಂಟೆಗೊಮ್ಮೆ ರಕ್ತ. ಕೊಳವೆಗಳು ಐಸಿನ ಡಬ್ಬಿಗೆ ಹೋಗುತ್ತಿದ್ದವು. ಅಕ್ಕ ತನ್ನ ಹೊಲಿಗೆ ಅಂಗಡಿಯ ಗಿರಾಕಿಗಳ ಕತೆ ಹೇಳಿದಳು: ತಿಂಗಳು ತಿಂಗಳೂ ದಪ್ಪಗಾಗುತ್ತಾ ಅಳತೆ ತಪ್ಪು ಎನ್ನುವ ಮಾಸ್ತರನದು. ಇಬ್ಬರೂ ನಕ್ಕರು. "ಒಬ್ಬಳೇ ಹೇಗಿದೀಯ?" ಎಂಬ ಮಾತು ಮಾತ್ರ ತಂಗಿಯ ಬಾಯಿಗೆ ಬರಲೇ ಇಲ್ಲ. ಸಂಜೆ ಅಕ್ಕ ಸಿಕ್ಕ ಮೊದಲ ಬಸ್ಸು ಹತ್ತಿದಳು.

ಎರಡನೇ ಸಲಕ್ಕೆ ತಂಗಿ ಕಾದಳು. ಕನ್ನಡಿ ಮುಂದೆ ನಿಂತು ಏನು ಮಾತಾಡಬೇಕೆಂದೂ ಹೇಳಿಕೊಂಡಳು.

ಆ ದಿನ ತಂಗಿಯ ತೋಳಿಗೆ ನಳಿಕೆ ಹಾಕಿ ಮುಗಿದಿತ್ತು. ನರ್ಸ್ ಅಕ್ಕನ ಬೆರಳು ಚುಚ್ಚಿ ನೋಡಿ ತಲೆಯಾಡಿಸಿದಳು. "ರಕ್ತ ಕಡಿಮೆ ಇದೆಯಮ್ಮ. ನಿಮ್ಮಿಂದ ತಗೊಳೋ ಹಾಗಿಲ್ಲ, ನಿಮಗೇ ಕೊಡಬೇಕು. ಡಾಕ್ಟರಿಗೆ ತೋರಿಸಿ. ಇವತ್ತು ಮನೆಗೆ ಹೋಗಿ."

ಅಕ್ಕ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ತಂಗಿ ಏಳುವಂತಿರಲಿಲ್ಲ, ಬಾಗಿಲನ್ನೇ ನೋಡಿದಳು.

ಸ್ವಲ್ಪ ಹೊತ್ತಿಗೆ ಅಕ್ಕ ಹೊರಗಿನಿಂದ ಸ್ಟೂಲೊಂದನ್ನು ಎಳೆದುಕೊಂಡು ಬಂದಳು.

"ಏನಾದ್ರೂ ಮರೆತೆಯಾ?"

"ಇಲ್ಲ."

"ಅಂಗಡಿ?"

"ಬಾಗಿಲು ಹಾಕಿದೆ. ಹಾಕಿರಲಿ." ಅಕ್ಕ ಕೂತಳು. "ನೀನು ಕರೆದಾಗೆಲ್ಲ ಬರಬೇಕು ಅನ್ಸೋದು. ಬಂದು ಏನು ಮಾಡಲಿ? ನಿನ್ನ ಮನೇಲಿ ನನಗೇನು ಕೆಲಸ?"

"ಕೆಲಸ ಯಾಕಕ್ಕ? ಸುಮ್ನೆ ಬಂದು ಕೂತ್ಕೋ."

"ಸುಮ್ನೆ ಕೂತು ಗೊತ್ತಿಲ್ಲ ಕಣೇ."

ಮಧ್ಯಾಹ್ನ ಸಂಶೋಧಕಿ ಬಂದಳು. ಮೊದಲ ದಿನದ ಅಳತೆ ಸಿಕ್ಕಿತ್ತು. ಒಂದೇ ಚಹಾ ಕುಡಿದರೂ ಅಕ್ಕನ ರಕ್ತದಲ್ಲಿ ಆ ಅಂಶ ತಂಗಿಯದಕ್ಕಿಂತ ಎರಡು ಪಟ್ಟು ಸೇರಿತ್ತು.

"ಚಿಕ್ಕಂದಿನಿಂದ್ಲೂ ಅಷ್ಟೇ," ಎಂದಳು ಅಕ್ಕ. "ಎಷ್ಟು ತಿನ್ನಿಸಿದ್ರೂ ಇವಳ ಮೈಗೆ ಹತ್ತಲ್ಲ."

ಸಂಜೆ ತಂಗಿ ಮನೆಗೆ ಕರೆದಳು. "ಇವತ್ತು ಬೇಡ," ಎಂದು ಅಕ್ಕ ಬಸ್ಸು ಹತ್ತಿದಳು. ಆದರೆ ಭಾನುವಾರ, ಹೇಳದೆ ಕೇಳದೆ, ಬಾಗಿಲಲ್ಲಿ ನಿಂತಿದ್ದಳು. "ಬರಿಗೈಲಿ ಬಂದುಬಿಟ್ಟೆ ಕಣೇ," ಎಂದಳು ನಾಚಿಕೊಂಡು. ಕತ್ತಲಾಗುವ ಮುಂಚೆ ಹೊರಟಳು. ತಂಗಿ ಬೀದಿಯ ತಿರುವಿನವರೆಗೂ ಜೊತೆಗೆ ಹೋದಳು. ಇನ್ನೊಂದು ಗಳಿಗೆ ಇರಬಾರದಿತ್ತೇ ಎಂದು ಅನ್ನಿಸುತ್ತಲೇ ಇತ್ತು.