ಕುರಿ ತೊಳೆಯಲು ಮಗಳು, ಈಜು ಕಲಿಯಲು ಮಗ

ಉಣ್ಣೆ ಕತ್ತರಿಸುವ ಮೊದಲು ಕುರಿಗಳ ಮೈ ತೊಳೆಯಬೇಕು. ಚಪಳಗಾಂವದ ಸಿದ್ರಾಮ ತನ್ನ ಹಿಂಡನ್ನು ಊರಾಚೆ ಗರಸು ಅಗೆದು ಆದ ಮುರುಮಿನ ಹೊಂಡಕ್ಕೆ ಹೊಡೆದುಕೊಂಡು ಹೋದ. ತಾನು ದಂಡೆಯ ಮೇಲೆ ನಿಂತು ಒಂದೊಂದೇ ಕುರಿಯನ್ನು ನೀರಿಗೆ ನೂಕಿದ. ಎದೆಮಟ್ಟದ ನೀರಿನಲ್ಲಿ ನಿಂತು ಅದನ್ನು ಹಿಡಿದು, ತಿಕ್ಕಿ, ಮೇಲಕ್ಕೆ ದಬ್ಬುವ ಕೆಲಸ ಮಗಳು ಕಾಜಲಳದು. ಅವಳಿಗೆ ಹನ್ನೆರಡು ವರ್ಷ. ಈಜು ಬರುವುದಿಲ್ಲ.

ಒಂದು ಟಗರು ಗುದ್ದಿತು. ಕಾಜಲ ಒಂದು ಹೆಜ್ಜೆ ಹಿಂದೆ ಸರಿದಳು. ಅಲ್ಲಿ ನೆಲವೇ ಇರಲಿಲ್ಲ. ಸಿದ್ರಾಮ ಜಿಗಿದು ಎಳೆದು ತಂದ. ಹುಡುಗಿ ಉಳಿದಳು.

ಸಂಜೆ ಆಶಾ ಕಾರ್ಯಕರ್ತೆ ಸೋನಾಲಿ ನೋಡಲು ಬಂದಳು. ಕಾಜಲಳ ಅಜ್ಜಿ ಸುಗಲಾಬಾಯಿ ಬಾಗಿಲಲ್ಲೇ ಹೇಳಿದಳು: “ಇನ್ನ ಈ ಹುಡಗೀನ್ನ ನೀರಿನ ಕಡೆ ಹಾಯಾಕ ಬಿಡೂದಿಲ್ಲ.”

“ಮುಂದಿನ ಸಲ ಕುರಿ ಯಾರು ತೊಳೀತಾರ ಆಯಿ? ನೀವ?”

ಅಜ್ಜಿ ಹೊಸ್ತಿಲ ಮೇಲೆ ಕುಳಿತಳು. ಸೋನಾಲಿ ಮತ್ತೆ ಕೇಳಿದಳು:

“ಸಿದ್ರಾಮಣ್ಣಗ ಈಜು ಬರತಿತ್ತು, ಹುಡಗಿ ಉಳೀತು. ಅಂವಾ ಎಲ್ಲಿ ಕಲಿತಾನ?”

“ಎಲ್ಲಿ ಅಂದ್ರ? ನಮ್ಮೂರ ಈಜು ಮಂಡಳದಾಗ.”

ಆ ಮಂಡಳದ ಕಥೆ ಊರಿಗೆಲ್ಲ ಗೊತ್ತು. ಮೂವತ್ತೈದು ವರ್ಷಗಳ ಹಿಂದೆ ಇದೇ ಹೊಂಡದಲ್ಲಿ ಇಬ್ಬರು ಹುಡುಗರು ಮುಳುಗಿ ಸತ್ತರು. ಆಗ ಊರವರು ಸೇರಿ ಮಂಡಳ ಕಟ್ಟಿದರು. ಮೊದಲು ಹಾಳುಬಾವಿಯ ಹೂಳೆತ್ತಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹುಡುಗರಿಗೆ ಕಲಿಸಿದರು. ನಾಲ್ಕು ವರ್ಷದ ನಂತರ ಶಾಲೆಯ ಹಿಂದಿನ ಬಯಲಿನಲ್ಲಿ ಕೊಳ ಕಟ್ಟಿದರು. ಮೇಲೆ ಸೂರಿಲ್ಲ. ಆದರೆ ಎಲ್ಲಿ ಎಷ್ಟು ಆಳ ಎಂದು ಗೋಡೆಗೆ ಬರೆದಿದೆ, ಹಗ್ಗ ಇದೆ, ಕಲಿಸುವವರಿದ್ದಾರೆ. ಅದಕ್ಕೆ ಕಲ್ಲು, ಮರಳು ಹೊತ್ತವರು ಊರ ಹೆಂಗಸರು. ಸುಗಲಾಬಾಯಿ ಒಂದು ಬೇಸಿಗೆ ಪೂರ್ತಿ ಬುಟ್ಟಿ ಹೊತ್ತಿದ್ದಳು. ಅಲ್ಲಿಂದ ಇಲ್ಲಿವರೆಗೆ ಎಷ್ಟೋ ಗಂಡುಹುಡುಗರು ಅಲ್ಲಿ ಈಜು ಕಲಿತರು. ಹೆಣ್ಣುಮಗು ಒಂದೂ ಇಲ್ಲ. ಇಡೀ ಊರು ನಾಚಬೇಕು!

“ಕಾಜಲನ್ನ ನಾಳಿಂದ ಅಲ್ಲಿ ಕಳಸ್ರಿ,” ಎಂದಳು ಸೋನಾಲಿ.

“ಹುಚ್ಚಿ ಅದಿಯೇನ? ಬೆಳದ ಹುಡಗಿ ತೊಯ್ದ ಅರಿಬ್ಯಾಗ ನಿಂತ್ರ ಮಂದಿ ಏನ್ ಅಂದಾರು!”

“ಇವತ್ತ ಹೊಂಡದಾಗ ಒಣ ಅರಿಬ್ಯಾಗ ನಿಂತಿದ್ಲೇನ? ದಂಡಿ ಮ್ಯಾಲ ಮಂದಿ ಇರ್ಲಿಲ್ಲೇನ?”

ಸಿದ್ರಾಮ ತಲೆ ಕೆರೆದುಕೊಂಡ. “ಅದು ಕೆಲಸ ಇತ್ತಲ್ಲ ಅಕ್ಕಾ.”

“ಹಾಂ! ಕುರಿ ಸಲುವಾಗಿ ತೊಯ್ದ್ರ ಮರ್ಯಾದಿ ಹೋಗೂದಿಲ್ಲ. ಜೀವಾ ಉಳಿಸ್ಕೊಳ್ಳಾಕ ತೊಯ್ದ್ರ ಹೋಗತದ! ಭಾಳ ಚಲೋ ನ್ಯಾಯ ಅದ ನಿಮ್ಮದು.”

ಕಂಬಳಿ ಹೊದ್ದು ಕುಳಿತಿದ್ದ ಕಾಜಲ ಮೆಲ್ಲಗೆ ಹೇಳಿದಳು: “ಅಪ್ಪಾ, ನೆಲಾ ಸಿಗಲೇ ಇಲ್ಲ. ಕೈ ಹ್ಯಾಂಗ ಆಡಸೂದು ನನಗ ಗೊತ್ತಿರ್ಲಿಲ್ಲ.”

ಸಿದ್ರಾಮ ತಲೆ ತಗ್ಗಿಸಿದ. ಸುಗಲಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಡಿ ಸೋನಾಲಿ, ಮಂಡಳದವರನ್ನ ಕೇಳೂಣು.”

ಕೊಳದ ಬಳಿ ಮಂಡಳದ ಅಧ್ಯಕ್ಷ ಗುರುಸಿದ್ಧ ಸಿಕ್ಕ. ಹೆಣ್ಣುಮಕ್ಕಳಿಗೆ ಯಾಕೆ ಕಲಿಸಿಲ್ಲ ಎಂದು ಸುಗಲಾಬಾಯಿ ಕೇಳಿದಳು. “ಹೆಣ್ಣಮಕ್ಕಳು ಬರಬಾರದಂತ ನಾವು ಎಲ್ಲೂ ಬರದಿಲ್ರಿ ಅತ್ತಿ. ಯಾರೂ ಕಳಿಸಲೇ ಇಲ್ಲ.”

“ನೀ ಕರದಿದ್ದೇನೋ? ಕಲ್ಲು ಹೊರಾಕ ಮನಿಮನಿಗೆ ಬಂದು ಕರದಿದ್ರಿ. ಈಜಾಕ ಕರಿಯಾಕ ಬಾಯಿಗೆ ಏನ ಬಡದಿತ್ತು?”

ಗುರುಸಿದ್ಧ ತಪ್ಪು ಒಪ್ಪಿಕೊಂಡ. ಅಲ್ಲೇ ತೀರ್ಮಾನವಾಯಿತು: ಬೆಳಿಗ್ಗೆ ಏಳರಿಂದ ಎಂಟು ಹೆಣ್ಣುಮಕ್ಕಳಿಗೆ. ಕಲಿಸಲು ಕುಂಭಾರಿ ಊರಿನ, ಈಜು ಬಲ್ಲ ಗಂಗುಬಾಯಿಯನ್ನು ಸೋನಾಲಿ ಒಪ್ಪಿಸಿದಳು. ಮೊದಲ ದಿನ ಮೂವರು ಬಂದರು, ವಾರದಲ್ಲಿ ಹದಿನೇಳು. ತಿಂಗಳು ತುಂಬುವಷ್ಟರಲ್ಲಿ ಕಾಜಲ ಈ ದಂಡೆಯಿಂದ ಆ ದಂಡೆಗೆ ಯಾರ ಆಸರೆಯೂ ಇಲ್ಲದೆ ಹೋದಳು. ಕುರಿ ತೊಳೆಯಲು ಈಗ ಸಿದ್ರಾಮನೇ ನೀರಿಗಿಳಿಯುತ್ತಾನೆ.

ಇದನ್ನು ಓದುತ್ತಿರುವ ಅಪ್ಪ, ಅವ್ವ, ಅಜ್ಜ, ಅಜ್ಜಿಯರೇ, ನಿಮ್ಮನ್ನೇ ಕೇಳುತ್ತೇನೆ. ಅರಿವೆ ಒಗೆಯಲು, ಎಮ್ಮೆ ತೊಳೆಯಲು, ನೀರು ತರಲು ಹೆಣ್ಣುಮಕ್ಕಳನ್ನೇ ಅಟ್ಟುತ್ತೀರಿ. ಈಜು ಮಾತ್ರ ಗಂಡುಮಕ್ಕಳಿಗೆ ಕಲಿಸುತ್ತೀರಿ. ಇದು ಎಂಥ ಕಾಳಜಿ? ಈಜು ಬಾರದ ಮಗುವನ್ನು ಹೊಂಡಕ್ಕೆ ಇಳಿಸಬೇಡಿ. ಯಾರಾದರೂ ಮುಳುಗುತ್ತಿದ್ದರೆ, ಈಜು ಬಾರದವರು ಹಿಂದೆ ಜಿಗಿಯಬೇಡಿ. ಹಗ್ಗವನ್ನೋ ಸೀರೆಯನ್ನೋ ಎಸೆಯಿರಿ, ಕೂಗಿ ಜನ ಸೇರಿಸಿ. ನಾಳೆ ಬೆಳಿಗ್ಗೆ ಮಗಳನ್ನು ಈಜು ಕಲಿಸುವಲ್ಲಿಗೆ ಕರೆದೊಯ್ಯಿರಿ. ನಾಚಿಕೆಯಾಗುತ್ತದೆಯೇ? ನಾಚಿಕೊಂಡೇ ಹೋಗಿ. ಆದರೆ ಹೋಗಿ.